ಮೂರು ಬೆರಳಗಲ

ಬಂದರಿನಿಂದ ಎಂಟು ಇಪ್ಪತ್ತರ ಫೆರಿ.
ಕೊಡೆ ಮಡಚಿದರೆ ನಾನು ಒದ್ದೆ,
ಬಿಚ್ಚಿದರೆ ಪಕ್ಕದವರ ಕಣ್ಣಿಗೆ ಕಡ್ಡಿ.
ಈ ದರಿದ್ರ ಮಳೆ, ಎನ್ನುತ್ತ
ಚೀಲವನ್ನು ಹೊಟ್ಟೆಗೆ ಅವುಚಿಕೊಂಡೆ.
ಒಳಗೆ ಹಾಲಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ
ನಲವತ್ತೊಂದು ಫಾರಮ್ಮು.
ಹೆಸರು, ತಂದೆಯ ಹೆಸರು, ಕಳೆದ ವರ್ಷದ ಅಂಕ,
ಕೊನೆಯಲ್ಲಿ ಮೂರು ಬೆರಳಗಲ ಜಾಗ:
ಎಸ್ಸೆಸ್ಸೆಲ್ಸಿ ನಂತರ ಮುಂದೇನು?

ಜೂನಿನಲ್ಲಿ ಬೆಂಗ್ರೆಯ ಅಪ್ಪಂದಿರು ಮನೆಯಲ್ಲಿರುತ್ತಾರೆ.
ಬೋಟುಗಳು ದಕ್ಕೆಯಲ್ಲಿ
ಒಂದರ ಭುಜಕ್ಕೊಂದು ಒರಗಿ ತೂಕಡಿಸುತ್ತವೆ.
ಆಗಸ್ಟಿನವರೆಗೆ ಕಡಲಿಗೆ ರಜೆ,
ನಮಗೆ ಶಾಲೆ ಸುರು.
ಪೋಷಕರ ಸಭೆ ಇಡುವುದಿದ್ದರೆ ಈಗಲೇ.
ಆಮೇಲಾದರೆ ಬರೀ ಅಮ್ಮಂದಿರು,
ಪೆನ್ನು ಹಿಡಿದು ನಿಂತು,
"ಅವರ ಹತ್ತಿರ ಒಂದು ಮಾತು ಕೇಳಬೇಕು ಟೀಚರ್."

ಹತ್ತನೆಯ ತರಗತಿಯ ಗೋಡೆಗೆ ನಾನೇ ಬರೆದ ಚಾರ್ಟು.
ಕೆಳಗೊಂದು ವೃತ್ತ, ಅದರಿಂದ ಬಾಣಗಳು
ವಿಜ್ಞಾನ, ವಾಣಿಜ್ಯ, ಕಲೆ, ಡಿಪ್ಲೊಮಾ, ಐಟಿಐ.
ಬಾಣಕ್ಕೆ ಬಾಣ ಹುಟ್ಟಿ, ಅದು ಮರಿ ಹಾಕಿ,
ಮೇಲೆ ಸೂರಿನ ಹತ್ತಿರ ಡಾಕ್ಟರು.
ಉಪ್ಪು ಗಾಳಿಗೆ ಗೋಂದು ನಿಲ್ಲುವುದಿಲ್ಲ.
ಸೋಮವಾರ ಕಲೆ ಕಳಚಿತು,
ಬುಧವಾರ ವಾಣಿಜ್ಯ ಸುರುಳಿ ಸುತ್ತಿಕೊಂಡಿತು.
ಡಾಕ್ಟರು ಮಾತ್ರ ಒಂದು ಮೊಳೆಯ ದಯೆಯಲ್ಲಿ
ಇನ್ನೂ ನೇತಾಡುತ್ತಿದ್ದಾರೆ.

ಮಿಸ್ರಿಯಾ ಬರೆದಿದ್ದಾಳೆ: ಪಿಸಿಎಂಬಿ.
ಮೆಲ್ಲಗೆ ಮೇಜಿನ ಹತ್ತಿರ ಬಂದು,
"ಅದರಲ್ಲಿ ಎಂ ತೆಗೆದರೆ ಆಗುತ್ತದಾ?"
ಎಂ ಅಂದರೆ ನಾನು. ಹದಿನೆಂಟು ವರ್ಷದಿಂದ
ಇದೇ ಬೋರ್ಡಿನ ಮೇಲೆ ಎಂ.
ಜೊಸ್ವಿನ್ ಲೋಬೊ ಹೋಟೆಲ್ ಮ್ಯಾನೇಜ್‌ಮೆಂಟ್ ಎಂದು ಬರೆದು,
ಹೊಡೆದು ಹಾಕಿ, ಪಕ್ಕದಲ್ಲಿ
'ಮಾಮನ ಬೇಕರಿ, ಸಂಬಳ ಮಾತಾಡಿಲ್ಲ.'
ತನ್ವಿತ್ ಪುತ್ರನದು ಪೆನ್ಸಿಲ್ಲಿನಲ್ಲಿ ಒಂದೇ ಪದ:
ಬೋಟು.

ಶನಿವಾರ ಅವನ ಅಪ್ಪ ಬಂದರು, ದಾಮು ತಂಡೇಲರು.
ಮಕ್ಕಳ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ
ಅಡ್ಡ ಕೂತು, ಫಾರಂ ನೋಡಿ,
"ಅಳಿಸಿ ಟೀಚರ್. ಇದಕ್ಕಾಗಿಯಾ ನಾನು
ಇಪ್ಪತ್ತಾರು ವರ್ಷ ಉಪ್ಪು ನೀರು ಕುಡಿದದ್ದು?"
ಹುಡುಗ ಕಿಟಕಿಗೆ ಹೇಳಿದ,
"ಬೋಟಿನ ಪರದೆ ಓದುವುದು ಯಾರು?
ರಜೆಯಲ್ಲಿ ನಾನೇ ಅಲ್ಲವಾ? ನನಗೆ ತಳ ಕಾಣುತ್ತದೆ,
ನಿಮಗೆ ಬಣ್ಣ ಮಾತ್ರ."
ನನಗೆ ಎಕ್ಕೂರು ನೆನಪಾಯಿತು.
ಮೀನುಗಾರಿಕೆ ಕಾಲೇಜು ಉಂಟು, ಅಂದೆ,
ವಿಜ್ಞಾನ ತೆಗೆದುಕೊಂಡು ಹೋಗಬಹುದು.
ನನ್ನ ಚಾರ್ಟಿನಲ್ಲಿ ಆ ಬಾಣವೇ ಇರಲಿಲ್ಲ.
"ಮೀನ್ ಪತ್ತೆರೆ ಕಾಲೇಜಾ?"
ತಂಡೇಲರು ಬೆಂಚು ಅಲ್ಲಾಡುವಷ್ಟು ನಕ್ಕರು.
ನಗು ನಿಂತ ಮೇಲೆ, ಫೀಸು ಎಷ್ಟು, ಕೇಳಿದರು.
ನನಗೆ ಗೊತ್ತಿರಲಿಲ್ಲ.

ಖಾಲಿ ಉಳಿದದ್ದು ಒಂದು, ಶಿವಲೀಲಾಳದು.
ಗಜೇಂದ್ರಗಡದ ಕಡೆಯವರು.
ಇಲ್ಲಿ ಬಾಡಿಗೆ ಕಡಿಮೆ, ಅಪ್ಪ ಅಮ್ಮ ಆಚೆ ದಡಕ್ಕೆ
ಬೆಳಗಿನ ಮೊದಲ ಫೆರಿಯಲ್ಲಿ ಗಾರೆ ಕೆಲಸಕ್ಕೆ.
ಲೆಕ್ಕದಲ್ಲಿ ಅವಳೇ ಮುಂದು, ಅದೂ
ಬಾಯಲ್ಲಿ, ಬೆರಳು ಮಡಚದೆ.
ಏನಾದರೂ ಬರಿ ಮಗಾ, ಅಂದೆ,
ತಪ್ಪಾದರೆ ತಿದ್ದೋಣ.
"ಬಿಲ್ಡಿಂಗ್ ಡಿಸೆಂಬರಿಗೆ ಮುಗೀತೈತ್ರಿ.
ಆಮ್ಯಾಲೆ ಯಾವೂರಂತ ಇನ್ನಾ ಗೊತ್ತಿಲ್ರಿ."
ಮೂರು ಬೆರಳಗಲದಲ್ಲಿ ಅದನ್ನು ಹೇಗೆ ಹಿಡಿಸುವುದು?
ಆಫೀಸಿಗೆ ಶುಕ್ರವಾರ ಕಳುಹಿಸಬೇಕು.

ಸಂಜೆಯ ಫೆರಿ. ಆಚೆ ದಡದಲ್ಲಿ
ಹಸಿರು ಬಲೆ ಹೊದ್ದು ನಿಂತ ಅದೇ ಕಟ್ಟಡ.
ಹಲಗೆಯ ಮೇಲೆ ಇಪ್ಪತ್ತು ಮಹಡಿಯ ಚಿತ್ರ,
ಎದ್ದದ್ದು ಹನ್ನೊಂದು.
ಬಾಕಿ ಒಂಬತ್ತು. ತಿಂಗಳಿಗೆ ಒಂದರಂತೆ ಎದ್ದರೆ ಮಾರ್ಚು,
ಅಂದರೆ ಪರೀಕ್ಷೆ ಮುಗಿಯುವ ಹೊತ್ತು.
ತಿಂಗಳಿಗೆ ಒಂದೂವರೆಯಾದರೆ ಡಿಸೆಂಬರ್.
ಜೋರು ಹೊಯ್ಯಲಿ, ಅಂದುಕೊಂಡೆ,
ಸಿಮೆಂಟು ಹಿಡಿಯದ ಹಾಗೆ ಹೊಯ್ಯಲಿ.
ಅಂದುಕೊಂಡ ಮೇಲೆ ಅವರ ದಿನದ ಕೂಲಿ ನೆನಪಾಗಿ
ನಾಲಿಗೆ ಕಚ್ಚಿಕೊಂಡೆ.
ಮಳೆಗೆ ಮೇಲಿನ ಮಹಡಿಗಳು ಕಾಣುತ್ತಿರಲಿಲ್ಲ.
ಕೆಳಗಿನಿಂದ ಮತ್ತೊಮ್ಮೆ ಎಣಿಸಿದೆ.