ಗಿಡ ಅಂದ್ರ

ಹನ್ನೊಂದು ಬೇವು. ನೋಟೀಸಿನಲ್ಲಿ ಹಾಗೇ ಇತ್ತು.
ಅದರ ಹದಿನಾಲ್ಕು ಪ್ರತಿ ತೆಗೆದವನು ನಾನೇ,
ಪ್ರತಿಗೆ ಎರಡು ರೂಪಾಯಿಯಂತೆ,
ಪುರಸಭೆಯ ಲೆಕ್ಕಕ್ಕೆ. ಬಾಕಿ ಇನ್ನೂ ಬರಬೇಕು.

ಎರಡು ದಿನ ಚಿಟಗುಪ್ಪದ ಬಜಾರು
ಕಟಗಿ ಅಡ್ಡೆಯಾಗಿತ್ತು.
ಗರಗಸದ ಮಷೀನು ನಿಂತ ಮೇಲೂ
ಕಿವಿಯೊಳಗೆ ಕೊಯ್ಯುತ್ತಲೇ ಇತ್ತು.
ಸಂಜೆ ಕಾಗೆಗಳು ಬಂದವು, ಸುತ್ತಿದವು,
ಮೋಯಿಜನ ಹೋಟೆಲಿನ ತಗಡಿನ ಮೇಲೆ ಕೂತು
ಕಾಲು ಸುಟ್ಟುಕೊಂಡು ಎದ್ದವು.

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ:
ಅಂದು ರಸ್ತೆಯಾಚೆ ನಿಂತು ನೋಡಿದರೆ
ಹದಿನೆಂಟು ವರ್ಷದಲ್ಲಿ ಮೊದಲ ಸಲ
ನನ್ನ ಅಂಗಡಿಯ ಬೋರ್ಡು ಪೂರ್ತಿ ಕಂಡಿತು,
ಜೆರಾಕ್ಸ್, ಲ್ಯಾಮಿನೇಶನ್, ಕೊನೆಯ ಅಕ್ಷರದ ತನಕ.
ಖುಷಿಯಾಯಿತು. ಲೈಟೂ ಹಾಕಿಸಿದೆ.

ಮಾರ್ಚಿನಲ್ಲಿ ಬಿಸಿಲು ಗಿರಾಕಿಯ ಹಾಗೆ
ಒಳಗೆ ಬಂದು ಕೂತಿತು,
ಏನೂ ಕೊಳ್ಳದೆ, ಏಳದೆ.
ಖುತೇಜಾಬಿಯ ಅಂಗಡಿಯಲ್ಲಿ
ಕಾದ ಬಳೆ ತೊಟ್ಟ ಹುಡುಗಿ ಕೈ ಜಾಡಿಸಿದಳು.
ಘಾಳೆಪ್ಪನ ಅಂಟು ಡಬ್ಬಿಯಲ್ಲೇ ಹೆಪ್ಪುಗಟ್ಟಿತು.
ಹಳ್ಳಿಯವರು ಹನ್ನೊಂದಕ್ಕೇ ಸಂತೆ ಮುಗಿಸಿ ಬಸ್ಸು ಹತ್ತಿದರು.
ಗಲ್ಲಾ ನೋಡಿ
ಅರಿವೆ ಅಂಗಡಿಯ ಸೇಠಜಿಗೂ ಬೇವು ನೆನಪಾಯಿತು.

ಸಭೆ ಕೂಡಿತು. ಸಾಹೇಬರು ಮೈಸೂರ ಕಡೆಯವರು, ಒಳ್ಳೆಯವರೇ,
ಕಾಗದ ಓದಿದರು: "ಕಡಿದ ಒಂದು ಮರಕ್ಕೆ ಹತ್ತು ಗಿಡ."
ಹಮಾಲಿ ಝರೆಪ್ಪ ಎದ್ದು ನಿಂತ.
"ಕಡದಿದ್ದೇ ಗಿಡ ಅಲ್ಲೇನ್ರಿ ಸಾಹೇಬ್ರ?
ಮತ್ತ ಮರ ಅಂದ್ರ ಯಾವುದು?"
ಅವರು ನಕ್ಕರು. ಅವರ ಕಡೆ ಗಿಡ ಅಂದರೆ ಮೊಳಕಾಲುದ್ದದ್ದು.
ನಮ್ಮ ನಾಲಿಗೆಗೆ ಮುತ್ತಜ್ಜನ ಕಾಲದ್ದೂ ಗಿಡ,
ನಿನ್ನೆ ಹಚ್ಚಿದ್ದೂ ಗಿಡ.
ಝರೆಪ್ಪ ಕೂಡಲಿಲ್ಲ.
"ನಮ್ಮ ಗಿಡ ನಮಗ ಕೊಡ್ರಿ. ನಿಮ್ಮ ಗಿಡ ಬ್ಯಾಡ."

ಹತ್ತು ಬರಲಿಲ್ಲ. ಒಂದೂ ಬರಲಿಲ್ಲ.
ಮಿರಗ ಕೂಡಿದ ವಾರ ಅಂಗಡಿಗೆ ನೂರರಂತೆ ಪಟ್ಟಿ ಹಾಕಿ
ನಾವೇ ಹುಮನಾಬಾದಿನಿಂದ ಟಂಟಂನಲ್ಲಿ ತಂದೆವು.
ಕಾಂಕ್ರೀಟಿಗೆ ಹಾರೆ ಬಡಿದು ಝರೆಪ್ಪನ ಅಂಗೈ ತುಂಬ ಬೊಬ್ಬೆ.
ಕಾಂಕ್ರೀಟಿನ ಕೆಳಗೆ ಕೆಂಪು ಜಂಬಿಟ್ಟಿಗೆ,
ಅದರ ಸಂದಿಯಲ್ಲಿ ಹಳೆಯ ಬೇರು,
ಇನ್ನೂ ಹಸಿ.
ಯಾರೂ ಮಾತಾಡಲಿಲ್ಲ.
ಅದಕ್ಕೆ ತಾಗಿದಂತೆಯೇ ಸಸಿ ಇಟ್ಟು ಮಣ್ಣೆಳೆದೆವು.

ಬೇಲಿಗೆ ಸೈಕಲ್ ರಿಂಗು, ಬಾರಿಮುಳ್ಳು, ಯಾರದೋ ಹರಿದ ಸೀರೆ.
ನೀರಿನ ಪಾಳಿಯ ಚಾರ್ಟಿಗೆ ನನ್ನದೇ ಲ್ಯಾಮಿನೇಶನ್, ಪುಕ್ಕಟೆ.
ಅದನ್ನು ಯಾರೂ ನೋಡಲಿಲ್ಲ.
ಖುತೇಜಾಬಿ ವಜೂ ಮಾಡಿದ ನೀರು ಬೋಗುಣಿಯಲ್ಲಿ ಹಿಡಿದಿಟ್ಟು ಹಾಕಿದಳು,
ಮೋಯಿಜ ಕಪ್ಪು ತೊಳೆದ ನೀರು ಹಾಕಿ ಬೈಸಿಕೊಂಡ.
ಎರಡನ್ನು ಆಡು ತಿಂದವು.
ಎರಡು, ಹಿಂದಕ್ಕೆ ಬಂದ ಟೆಂಪೋ ಕೆಳಗೆ ಹೋದವು.
ಒಂದರ ಬುಡಕ್ಕೆ ರಾತ್ರಿ ಯಾರೋ ಆಸಿಡ್ ಸುರಿದರು.
ಬೋರ್ಡಿಗೆ ಲೈಟು ಹಾಕಿಸಿದವರು ಬಜಾರಿನಲ್ಲಿ ಇಬ್ಬರೇ.
ಎಲ್ಲರೂ ನನ್ನ ಮುಖ ನೋಡಿದರು.
ಮರುದಿನ ಆ ಮಣ್ಣು ತೆಗೆದು, ಬೇರೆ ಮಣ್ಣು ತುಂಬಿ
ಇನ್ನೊಂದು ಹಚ್ಚಿದೆ.
ಅಲ್ಲ ನಾನಲ್ಲ ಅಂತ ಯಾರ ಮುಂದೆಯೂ ಹೇಳಲು ಹೋಗಲಿಲ್ಲ.

ಈಗ ಐದು ಉಳಿದಿವೆ.
ಆರು ಅನ್ನುತ್ತಾನೆ ಮೋಯಿಜ,
ತನ್ನ ಹೋಟೆಲಿನ ಮುಂದಿನ ಒಣಕಡ್ಡಿಯನ್ನೂ ಸೇರಿಸಿ.

ಮೊನ್ನೆ ಮಟಮಟ ಮಧ್ಯಾಹ್ನ
ಘಾಳೆಪ್ಪ ಕೈ ಮಾಡಿ ಕರೆದ.
ಸೊಂಟಕ್ಕೆ ಬಂದ ಬೇವು. ಕೆಳಗೆ
ತೂತುತೂತು ನೆರಳು, ಗೇಣುದ್ದ.
ಅದರಲ್ಲಿ ಆಗಷ್ಟೇ ಅಂಟಿಸಿದ ಚಪ್ಪಲಿ ಒಣಗಲು ಇಟ್ಟಿದ್ದ,
ಎಡಗಾಲಿನದು.
ಬಲಗಾಲಿನದು ಬಿಸಿಲಿನಲ್ಲಿ ಸೊಟ್ಟಗಾಗುತ್ತಿತ್ತು.
"ಅದಕ್ಕ," ಅಂದ, "ಮುಂದಿನ ವರ್ಷ."