ಮೂರನೇ ಪಾಲು

ಗೋಣಿಕೊಪ್ಪದಲ್ಲಿ ಮಿಕ್ಸಿ ರಿಪೇರಿಯ ಮೊಯ್ದು ಕಾಕನ ಅಂಗಡಿ.
ಸುಟ್ಟ ವೈಂಡಿಂಗಿನ ವಾಸನೆ. ಮೂಲೆಯಲ್ಲಿ ಬಾಡಿಗೆ ಸ್ಪೀಕರುಗಳು
ಯಾರದೋ ಮದುವೆಯ ಜರಿಕಾಗದ ಅಂಟಿಸಿಕೊಂಡೇ ನಿಂತಿವೆ.
ಗಾಜಿನ ಕೌಂಟರಿನ ಮೇಲೆ ಎರಡು ಪೆಡಲು.

ಒಂದು ದೊಡ್ಡದು, ಬಣ್ಣದ ಸ್ಕ್ರೀನು, ಇನ್ನೂರು ಸದ್ದು.
ಇನ್ನೊಂದು ಬೆಲ್ಲದಚ್ಚಿನಷ್ಟು, ಮೂಲೆ ಜಜ್ಜಿದೆ,
ಒಡೆದುಹೋದ ಬ್ಯಾಂಡೊಂದರ ಸ್ಟಿಕ್ಕರು ಅರ್ಧ ಕಿತ್ತು ಉಳಿದಿದೆ.
ಎರಡಕ್ಕೂ ಕಾಕ ಹೇಳುವುದು ಹನ್ನೊಂದು ಸಾವಿರ.
ನಮ್ಮಲ್ಲಿರುವುದೂ ಅಷ್ಟೇ:
ಮೂರು ಮದುವೆ, ಒಂದು ಕ್ರಿಸ್ಮಸ್ಸು,
ಪಾಲಿಬೆಟ್ಟದಲ್ಲಿ ಯಾರೂ ಕಿವಿಗೊಡದ ಒಂದು ರಾತ್ರಿ.

ಪಾಲು ಮೂರು. ನಾಚಪ್ಪನದು, ನನ್ನದು, ಸೆಲ್ವನದು.
ಸೆಲ್ವ ಡ್ರಮ್ಮು. ಪೆಡಲಿಗೆ ಸಿಕ್ಕಿಸಲು ಅವನಲ್ಲಿ ಏನೂ ಇಲ್ಲ.
ಆದರೂ ಎಣಿಸಿ ಕೊಟ್ಟ, ಎಸ್ಟೇಟಿನ ಬಟವಾಡೆ ಲಕೋಟೆಯಲ್ಲೇ.

"ಬಾಸ್ ಯಾರದ್ದು?" ಕಾಕ ಕೇಳಿದ್ದು ನಾಚಪ್ಪನನ್ನು.
"ನಂದು" ಅಂದೆ.
ಚೀಲವನ್ನೊಮ್ಮೆ, ನನ್ನ ಎತ್ತರವನ್ನೊಮ್ಮೆ ನೋಡಿದ.

ನಾಚಪ್ಪ ದೊಡ್ಡದಕ್ಕೆ ವಯರು ಚುಚ್ಚಿದ.
ಡಿಲೇ: ಕೈಲ್‌ಪೊಳ್ದಿನ ದಿನ ತೆಂಗಿನಕಾಯಿಗೆ ಹೊಡೆದ ಗುಂಡು
ಎದುರು ಬೆಟ್ಟ ಮುಟ್ಟಿ, ತಡವಾಗಿ, ಸಣ್ಣಗಾಗಿ ಮರಳಿದ ಹಾಗೆ.
ಡಿಸ್ಟಾರ್ಶನ್: ಪಲ್ಪರಿಗೆ ಕಲ್ಲು ಸಿಕ್ಕಿದ್ದು.
ಟ್ರೆಮೊಲೊ: ವೋಲ್ಟೇಜು ಇಳಿದ ಸಂಜೆಯ ಬಲ್ಬು.
ರಿವರ್ಬು ಒತ್ತಿದಾಗ ನನಗೆ ಕಂಡದ್ದು
ವಿರಾಜಪೇಟೆಯ ಇಗರ್ಜಿ, ಖಾಲಿ ಮಂಗಳವಾರ.
ಬೆಂಚು ಒರೆಸುತ್ತ ಅಮ್ಮ ಕೆಮ್ಮಿದರೆ
ಆ ಕೆಮ್ಮು ಗಂಟೆಯವರೆಗೂ ಹತ್ತಿ ಇಳಿದು ಬರುತ್ತಿತ್ತು.
ಇನ್ನೂರರಲ್ಲಿ ಅರುವತ್ತು ಮುಗಿಯುವಷ್ಟರಲ್ಲಿ
ಕಾಕನ ಎರಡು ಮಿಕ್ಸಿ ರೆಡಿ.

ಆಮೇಲೆ ನಾನು.
ದೊಡ್ಡದರಲ್ಲಿ ನನ್ನ ದಪ್ಪ ತಂತಿ
ಹೊಟ್ಟೆ ಕಳಚಿಟ್ಟು ಹೊರಬಂತು.
ಹೊಳಪಿತ್ತು, ಬಳುಕಿತ್ತು, ಕೆಳಗಡೆ ಮಾತ್ರ ಯಾರೂ ಇರಲಿಲ್ಲ.
ನಾನು ಹೇಳಲಿಲ್ಲ. ಬಾಸು ಅಂದರೆ ಹಾಗೇ,
ಪಂದಿಕರಿಯ ಕಾಚಂಪುಳಿ: ಹಾಕಿದ್ದು ಕಾಣುವುದಿಲ್ಲ,
ಮರೆತ ದಿನ ಇಡೀ ಸಾಲು ತಟ್ಟೆ ನೋಡುತ್ತದೆ.

ತೊಂದರೆ ಇನ್ನೊಂದಿತ್ತು. ಎರಡು ಪೆಡಲಿಗೂ ಒಳದಾರಿ ಒಂದೇ.
ಒಂದು ಹಾಡಿಗೆ ಒಬ್ಬರು.
"ಪಾಳಿ ಹಾಕ್ಕೊಳ್ಳೋಣ" ಅಂದ ನಾಚಪ್ಪ, ನಲ್ಲಿ ನೀರಿನ ಹಾಗೆ.
ಅವನ ಪಾಳಿಗೆ ಎಷ್ಟು ಹಾಡು,
ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸೆಲ್ವ ಅಷ್ಟು ಹೊತ್ತೂ ಮೆಟ್ಟಿಲ ಮೇಲೆ ಕಿತ್ತಳೆ ಸುಲಿಯುತ್ತಿದ್ದ.
ಒಳಬಂದ. ಚಪ್ಪಲಿ ಬಿಟ್ಟ.
ಬರಿಗಾಲು ನೆಲಕ್ಕೂರಿ ಗೋಡೆಗೆ ಮುಖ ಮಾಡಿ ನಿಂತ.
"ಯಾವುದು ಅಂತ ಹೇಳಬೇಡಿ. ಬಾರಿಸಿ."

ಅದೇ ನಾಲ್ಕು ಸ್ವರ, ದೊಡ್ಡದರಲ್ಲಿ.
ಅದೇ ನಾಲ್ಕು, ಜಜ್ಜಿದ್ದರಲ್ಲಿ.
ಕೌಂಟರಿನ ಗಾಜಿನ ಮೇಲಿದ್ದ ಬಿಡಿ ಸ್ಕ್ರೂಗಳು
ಎರಡನೇ ಸಲ ಒಂದಕ್ಕೊಂದು ಹತ್ತಿರ ಸರಿದವು.

ಸೆಲ್ವ ತಿರುಗಲಿಲ್ಲ. "ಇದು.
ಇದರಲ್ಲಿ ನನಗೆ ನಿಲ್ಲಲಿಕ್ಕೆ ನೆಲ ಉಂಟು.
ಪಾಳಿ ಎಲ್ಲ ಬೇಡ. ಫ್ಲೇವಿಗೇ ಇರಲಿ.
ಗಿಟಾರು ಹೇಗೂ ಕೂಗಿ ಕೇಳಿಸ್ತದೆ."

ನಾಚಪ್ಪನ ಕಿವಿ ಕೆಂಪಾಯಿತು.
ದೊಡ್ಡದರ ಸ್ಕ್ರೀನಿನ ಮೇಲೆ ಇನ್ನೂ ಅವನ ಬೆರಳಚ್ಚು.
ಅಂಗಿಯ ಅಂಚಿನಿಂದ ಒರೆಸಿದ, ಎರಡೆರಡು ಸಲ.
ಆಮೇಲೆ ಕಾಕನನ್ನು ಕೇಳಿದ್ದು ಇಷ್ಟೇ:
"ಅಡಾಪ್ಟರ್ ಸೇರಿಯಾ?"

ಸೇರಿರಲಿಲ್ಲ. ನಾನೂರೈವತ್ತು ಬೇರೆ.
ಕೊನೆಗೆ ಸೆಲ್ವನ ಬಸ್ಸಿನ ಕಾಸೂ ಹೋಯಿತು.
ನಾಚಪ್ಪನ ಜೀಪಿನಲ್ಲಿ ಮೂವರೂ,
ಹಾತೂರು ದಾಟುವವರೆಗೆ ಮಾತಿಲ್ಲ.

ದಾಟಿದ ಮೇಲೆ ಅವನೇ, ರಸ್ತೆ ನೋಡುತ್ತಲೇ,
"ಆ ನಾಲ್ಕು ಸ್ವರ ಇನ್ನೊಮ್ಮೆ ಹೇಳು."
ತಂತಿಯಿಲ್ಲ, ಕರೆಂಟಿಲ್ಲ. ಬಾಯಲ್ಲೇ ಹೇಳಿದೆ.
ಹಿಂದಿನ ಸೀಟಿನಲ್ಲಿ ಪೆಡಲನ್ನು ತೊಡೆಯ ಮೇಲಿಟ್ಟುಕೊಂಡು
ಸೆಲ್ವ ಅದರ ತಗಡಿನ ಮೇಲೇ ತಾಳ ಹಾಕತೊಡಗಿದ,
ಬೆರಳ ತುಂಬ ಕಿತ್ತಳೆ ಸಿಪ್ಪೆಯ ಎಣ್ಣೆ.

ಮೂರನೇ ಗುಂಡಿ ಈಗಲೂ ಸ್ವಲ್ಪ ಅಂಟುತ್ತದೆ.