ಏಳನೇ ಕಂಬದ ಕಾವಲು

ಅರಸೀಕೆರೆಯ ದೀಪಗಳು ಕೆಳಗೆ.
ಎರಡು ಗಂಟೆಯ ರೈಲು ಉಸಿರು ಬಿಟ್ಟು ನಿಲ್ಲುವುದು
ದೊಣೆಗುಡ್ಡದ ಮೇಲಕ್ಕೂ ಕೇಳುತ್ತದೆ.
ನನ್ನ ಪಾಲಿಗೆ ಏಳನೇ ಗಾಳಿಕಂಬ,
ಒಂದು ತಗಡಿನ ಗೂಡು, ಟಾರ್ಚು, ಸಹಿ ಹಾಕುವ ಪುಸ್ತಕ.
ತಾಮ್ರದ ತಂತಿಗೆ ಕಳ್ಳರು ಬಂದರೆ ಸೀಟಿ ಊದಬೇಕು.
ಮೊದಲ ನಾಲ್ಕು ವರ್ಷ ಬಂದವಳು ಇವಳೊಬ್ಬಳೇ.

ಚಂದಕ ನರಿ.
ಊರಂಚಲ್ಲಿ ಊಳಿಡುವ ಗುಳ್ಳೆನರಿಯಲ್ಲ, ಅದರ ಅರ್ಧ ಮೈ,
ಬೆಕ್ಕಿಗಿಂತ ತುಸು ದೊಡ್ಡದು.
ಬಾಲ ಮಾತ್ರ ಇನ್ಯಾರದೋ ಎರವಲು ತಂದಂತೆ ದಪ್ಪ,
ತುದಿ ಮಸಿಯಲ್ಲಿ ಅದ್ದಿದ್ದು.
ಬಾದೆ ಹುಲ್ಲು ಒಣಗಿದಾಗ ಅದೇ ಬಣ್ಣ:
ನಿಂತರೆ ಇಲ್ಲ, ಓಡಿದರೆ ಇದ್ದಾಳೆ.

ಅವಳ ಮನೆಗೆ ಐದು ಬಾಗಿಲು.
ಎರಡು ಬಂಡೆಯಡಿಗೆ, ಒಂದು ಕಳ್ಳಿಯ ಬುಡಕ್ಕೆ,
ಒಂದು ಹಳೇ ಹುತ್ತದ ಮಗ್ಗುಲಿಗೆ,
ಐದನೆಯದು ಎಲ್ಲಿದೆಯೋ ನನಗೂ ಗೊತ್ತಿಲ್ಲ.
ಮೊದಲ ಮಳೆ ಬಿದ್ದ ಸಂಜೆ ಈಸಲು ಎದ್ದರೆ
ಹಿಂಗಾಲ ಮೇಲೆ ನಿಂತು ಗಾಳಿಗೇ ಬಾಯಿ ಹಾಕುತ್ತಾಳೆ,
ಮಂಡಕ್ಕಿ ತೂರಿ ಹಿಡಿಯುವ ಹುಡುಗರ ಹಾಗೆ.
ಮಾಗಿಯಲ್ಲಿ ಎಲಚಿ ಹಣ್ಣು. ಉಳಿದಂತೆ
ಓತಿಕ್ಯಾತ, ಇಲಿ, ಸಗಣಿ ಹುಳು.
ಕುರಿ ಹಿಡಿಯುತ್ತಾ ಅಂದರೆ ತಾಂಡ್ಯದ ಗಮ್ಲಿಬಾಯಿ ನಗುತ್ತಾಳೆ:
“ನನ್ನ ಹೋತದ ಗಡ್ಡ ಕಂಡರೇ ಓಡ್ತದೆ ಅದು.”

ನರಿಬುದ್ಧಿ ಅಂತಾರಲ್ಲ,
ನಾನಂತೂ ಕಂಡಿಲ್ಲ.
ಬೆಳದಿಂಗಳಲ್ಲಿ ಯಂತ್ರದ ರೆಕ್ಕೆಯ ನೆರಳು ನೆಲ ಸುತ್ತಿದಾಗೆಲ್ಲ
ಯಾವುದೋ ದೊಡ್ಡ ಹದ್ದೆಂದು ಕವಚಿ ಮಲಗುತ್ತಾಳೆ.
ನೆರಳು ಹೋಗುತ್ತದೆ, ಏಳುತ್ತಾಳೆ. ಮತ್ತೆ ನೆರಳು.
ಇಷ್ಟು ವರ್ಷವಾದರೂ ಕಲಿತಿಲ್ಲ.

ಮಾಘದಲ್ಲಿ ಒಬ್ಬ ಹುಡುಗಿ ಬಂದಳು, ಎಣಿಕೆಗೆ.
ಹಿಕ್ಕೆ ಕಂಡರೆ ಹಬ್ಬ ಅವಳಿಗೆ.
ಒಡೆದು, ದುಂಬಿಯ ರೆಕ್ಕೆಚೂರನ್ನು ಬಿಸಿಲಿಗೆ ಹಿಡಿದು
“ನೋಡಿ ಅಣ್ಣ, ಹೇಗೆ ಮಿಂಚುತ್ತೆ” ಎಂದಳು.
ಬಾಗಿಲುಗಳ ಲೆಕ್ಕ ಹೇಳಿದೆ. ದಾರಿ ಹೇಳಲಿಲ್ಲ.
ಯಾಕೋ.

ಶಿವರಾತ್ರಿಯ ಹಿಂದುಮುಂದೆ ಇನ್ನೊಬ್ಬ, ಬೈಕಿನಲ್ಲಿ,
ಬಾಣಾವರದ ಕಡೆಯವನಂತೆ.
ನರಿಕೊಂಬು ಬೇಕು, ಗಿರಾಕಿ ಇದ್ದಾನೆ, ನಿಂಗೂ ಐದು ಸಾವಿರ.
ನರಿಗೆಲ್ಲಿಯ ಕೊಂಬೋ ಮಾರಾಯ ಅನ್ನಲಿಲ್ಲ ನಾನು;
ಅಂದರೆ ಕೊಂದು ನೋಡುವ ಪೈಕಿ ಅವನು.
ಬೀಡಿ ಹಚ್ಚಿ, ತಲೆ ಕೆರೆದು, ಎದುರು ಗುಡ್ಡ ತೋರಿಸಿದೆ:
ಆ ಜಾಲಿ ಹಿಂದೆ, ನಸುಕಿಗೆ, ನಾನೇ ಕಂಡಿದೀನಿ.
ಮೂರು ದಿನ ಉರುಲು ಒಡ್ಡಿ ಕೂತಿದ್ದ, ಪಾಪ.

ಅವನು ಹೋದ ರಾತ್ರಿ ನನ್ನಷ್ಟಕ್ಕೇ ನಗು:
ಅವಳಲ್ಲಿಲ್ಲದ ಬುದ್ಧಿ ನನಗೆಲ್ಲಿಂದ ಬಂತು?
ಆ ಜಂಬದಲ್ಲೇ ಇಳಿದುಹೋದೆ
ಕಳ್ಳಿಯ ಬುಡದ ಬಾಗಿಲಿಗೆ,
ಟಾರ್ಚಿಗೆ ಅಂಗೈ ಅಡ್ಡ ಹಿಡಿದು.
ನಾಲ್ಕು ಮರಿ, ಬೂದಿ ಬಣ್ಣ, ಒಂದರ ಮೇಲೊಂದು.
ಒಂದು ಆಕಳಿಸಿತು.

ಮಾರನೇ ಸಂಜೆ ಬಾಗಿಲಿಗೆ ಜೇಡ ನೂಲು ಕಟ್ಟಿತ್ತು.
ಮಣ್ಣಿನ ಮೇಲೆ ಸಣ್ಣ ಹೆಜ್ಜೆ,
ನಾಲ್ಕು ಸಲ ಹೋಗಿ ಮೂರು ಸಲ ಬಂದದ್ದು.
ಅದಲ್ಲದೆ ಇದ್ದದ್ದು ಒಂದೇ ಜೊತೆ:
ನನ್ನ ಬೂಟಿನದು.

ಸೀಟಿ ಕೊರಳಲ್ಲೇ ನೇತಾಡುತ್ತಿತ್ತು.
ಪುಸ್ತಕದಲ್ಲಿ ಬರೆದೆ: ವಿಶೇಷ ಏನೂ ಇಲ್ಲ.